ಎಷ್ಟು ಪ್ರತಿ ಅಚ್ಚು ಹಾಕಿಸಲಿ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು. 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾಗಿದ್ದೇನೆ. ನಾಲೆ ನೀರು, ಕಬ್ಬು, ಆಲೆಮನೆ, ನಮ್ಮೂರಿನ ಜನ, ಇವರ ಬಗ್ಗೆ ಬರೆದ ನೆನಪಿನ ಬರಹಗಳು ಸುಮಾರು 190 ಪುಟ ಆಗಿವೆ. ಎರಡು ಪ್ರಕಾಶನಗಳಿಗೆ ಕಳಿಸಿದೆ. ಒಬ್ಬರು ಉತ್ತರ ಕೊಡಲಿಲ್ಲ, ಇನ್ನೊಬ್ಬರು ಎರಡು ವರ್ಷ ಕಾಯಿರಿ ಎಂದರು. ಈಗ ಒಂದು ಕಂಪನಿಯವರು ಫೋನ್ ಮಾಡಿ 85,000 ರೂಪಾಯಿಯ ಪ್ಯಾಕೇಜ್ ಹೇಳುತ್ತಿದ್ದಾರೆ. 1,000 ಪ್ರತಿ, ಐಎಸ್‌ಬಿಎನ್, ಕಾಪಿರೈಟ್, ಅಮೆಜಾನ್‌ನಲ್ಲಿ ಬೆಸ್ಟ್ ಸೆಲ್ಲರ್, ಎಲ್ಲ ಅವರೇ ಮಾಡಿಕೊಡುತ್ತಾರಂತೆ. ‘ಲೈಬ್ರರಿಯವರೇ 300 ತಗೋತಾರೆ, ಹೆದರಬೇಡ’ ಅಂತ ಗೆಳೆಯರು. ‘ಇ-ಬುಕ್ ಮಾಡಿ ಸುಮ್ನಿರಿ’ ಅಂತ ಮಗ. ನಮ್ಮ ಬೀದಿಯಲ್ಲೇ ಒಬ್ಬರ ಕವನ ಸಂಕಲನ ಹತ್ತು ವರ್ಷದಿಂದ ಅಟ್ಟದ ಮೇಲಿದೆ. ನನಗೂ ಹಾಗೇ ಆಗುತ್ತದೆಯೇ? ಪಿಂಚಣಿ ಹಣ, ಯೋಚಿಸಿ ಖರ್ಚು ಮಾಡಬೇಕು. ಸ್ವಂತವಾಗಿ ಪ್ರಕಟಿಸಿದರೆ ಜನ ಹಗುರವಾಗಿ ನೋಡುತ್ತಾರೆಯೇ?

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಐದಾರು ಇವೆ. ಆದರೆ ನಿಮ್ಮ ನಿಜವಾದ ಭಯ ಆ ಅಟ್ಟದ್ದು, ಅಲ್ವಾ? ಅಷ್ಟು ವರ್ಷ ಮನಸ್ಸಿನಲ್ಲಿದ್ದದ್ದು ಪುಸ್ತಕವಾಗಿ, ಕೊನೆಗೆ ಬಂಡಲ್ ಬಿಚ್ಚದೆ ಕೂತುಬಿಟ್ಟರೆ ಅನ್ನುವ ಭಯ. ಅಲ್ಲಿಂದಲೇ ಶುರು ಮಾಡುತ್ತೇನೆ. ಆ ಅಟ್ಟಕ್ಕೆ ಕಾರಣ ಕವಿತೆ ಚೆನ್ನಾಗಿಲ್ಲದ್ದು ಅಂತ ನಾನು ಒಪ್ಪುವುದಿಲ್ಲ. ಹೆಚ್ಚಿನ ಸಲ ಕಾರಣ ಒಂದೇ: ಪ್ರತಿಗಳ ಸಂಖ್ಯೆಯನ್ನು ಓದುಗರನ್ನು ನೋಡಿ ನಿರ್ಧರಿಸಿರುವುದಿಲ್ಲ, ಪ್ರೆಸ್ಸಿನವರ ದರ ನೋಡಿ ನಿರ್ಧರಿಸಿರುತ್ತಾರೆ.

ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ಈ ಕೆಲಸಕ್ಕೆ ಬಂದವಳು ನಾನು. 22 ವರ್ಷ ಆಯಿತು. ಶುರುವಿನಲ್ಲಿ ನಾನೂ ಒಬ್ಬ ಹಿರಿಯರಿಗೆ ‘500ಕ್ಕೂ 1,000ಕ್ಕೂ ಖರ್ಚಿನಲ್ಲಿ ಅಂಥ ವ್ಯತ್ಯಾಸ ಇಲ್ಲ ಸರ್, 1,000 ಹಾಕಿಸಿಬಿಡಿ’ ಎಂದು ಹೇಳಿದ್ದೆ. ಪ್ರೆಸ್ಸಿನಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಮೂರು ವರ್ಷದ ಮೇಲೆ ಅವರ ಮನೆಗೆ ಹೋದಾಗ ಹಿಂದಿನ ಕೋಣೆಯಲ್ಲಿ ಬಂಡಲ್‌ಗಳಿಗೆ ಗೆದ್ದಲು ಹತ್ತಿತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಕೋಣೆ ಈಗಲೂ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

‘ಜಾಸ್ತಿ ಹಾಕಿಸಿದರೆ ಅಗ್ಗ’ ಅನ್ನುವುದು ಸುಳ್ಳಲ್ಲ. ಆಫ್‌ಸೆಟ್ ಮುದ್ರಣಕ್ಕೆ ಪ್ಲೇಟ್ ಮಾಡಿಸಬೇಕು, ಯಂತ್ರ ಹೊಂದಿಸಬೇಕು. 100 ಪ್ರತಿಗೂ ಆ ಖರ್ಚು ಅಷ್ಟೇ, 1,000ಕ್ಕೂ ಅಷ್ಟೇ. ಹಂಚಿಕೊಳ್ಳುವ ಪ್ರತಿಗಳು ಹೆಚ್ಚಾದಂತೆ ಒಂದೊಂದರ ಬೆಲೆ ಇಳಿಯುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟ್ ಇಲ್ಲ. ಹಾಗಾಗಿ 50 ಬೇಕೆಂದರೆ 50, 200 ಬೇಕೆಂದರೆ 200. ಪ್ರತಿಗೆ ಬೆಲೆ ಹೆಚ್ಚು, ಆದರೆ ಬೇಕಾದಷ್ಟೇ ತೆಗೆಯಬಹುದು. ನನ್ನ ಅನುಭವದಲ್ಲಿ 300ರ ಒಳಗೆ ಡಿಜಿಟಲ್ ಸರಿ. 500 ದಾಟುವ ಧೈರ್ಯ ಇದ್ದರೆ ಮಾತ್ರ ಆಫ್‌ಸೆಟ್.

ಲೆಕ್ಕ ಹಾಕಿ ನೋಡೋಣ. ದರಗಳನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತಿದ್ದೇನೆ, ನಿಮ್ಮ ಪ್ರೆಸ್ಸಿನಲ್ಲಿ ಬೇರೆ ಇರಬಹುದು. 1,000 ಪ್ರತಿ ಆಫ್‌ಸೆಟ್, ಪ್ರತಿಗೆ 65 ರೂಪಾಯಿ. ಒಟ್ಟು 65,000. 200 ಪ್ರತಿ ಡಿಜಿಟಲ್, ಪ್ರತಿಗೆ 110. ಒಟ್ಟು 22,000. ಮೇಲ್ನೋಟಕ್ಕೆ ಮೊದಲನೆಯದೇ ಲಾಭ ಅನ್ನಿಸುತ್ತದೆ. ಈಗ ಮೊದಲ ವರ್ಷ 220 ಪ್ರತಿ ಮಾರಾಟವಾಯಿತು ಅನ್ನಿ. ಹೆಸರು ಹೊಸದಾದ ಲೇಖಕರಿಗೆ ಅದು ಕಡಿಮೆಯೇನಲ್ಲ. ಆಗ ಮಾರಿದ ಒಂದೊಂದು ಪ್ರತಿಗೆ ನೀವು ಹಾಕಿದ ಹಣ 65 ಅಲ್ಲ, 295! ಪುಸ್ತಕದ ಮುಖಬೆಲೆಗಿಂತ ಜಾಸ್ತಿ. ಉಳಿದ 780 ಪ್ರತಿ ಅಟ್ಟಕ್ಕೆ.

200ರ ಲೆಕ್ಕ ಇನ್ನೊಂದು ಥರ. ಮುಖಬೆಲೆ 220 ಇಟ್ಟುಕೊಳ್ಳಿ. 20 ಪ್ರತಿ ಗೌರವ ಪ್ರತಿ, ವಿಮರ್ಶೆ ಅಂತ ಹೋಗುತ್ತವೆ. 120 ಪ್ರತಿಯನ್ನು ನೀವೇ ಹತ್ತು ಪರ್ಸೆಂಟ್ ಬಿಟ್ಟು 198ಕ್ಕೆ ಮಾರಿದರೆ 23,760. ಉಳಿದ 60 ಅಂಗಡಿಯಲ್ಲಿ. ಅಂಗಡಿಯವರಿಗೆ 40 ಪರ್ಸೆಂಟ್ ಕಮಿಷನ್ ಹೋದರೆ ಪ್ರತಿಗೆ 132, ಒಟ್ಟು 7,920. ಎರಡೂ ಸೇರಿ 31,680. ಮುದ್ರಣದ 22,000 ಕಳೆದರೆ 9,680 ಉಳಿಯಿತು. ಕರಡು ತಿದ್ದಿಸಿ, ಪುಟ ಕಟ್ಟಿಸಿ, ಮುಖಪುಟ ಮಾಡಿಸಲು 15,000 ಆಗಿದ್ದರೆ ಐದು ಸಾವಿರದಷ್ಟು ಕೈಯಿಂದ ಹೋಗುತ್ತದೆ. ಹೌದು, ಎಲ್ಲ ಪ್ರತಿ ಖರ್ಚಾದರೂ ಮೊದಲ ಮುದ್ರಣದಲ್ಲಿ ಸ್ವಲ್ಪ ನಷ್ಟವೇ. ಇದನ್ನು ಮುಚ್ಚಿಟ್ಟು ಮಾತಾಡುವವರನ್ನು ನಂಬಬೇಡಿ. ಆದರೆ ಫೈಲು ನಿಮ್ಮ ಕೈಯಲ್ಲಿ ಇರುತ್ತದೆ, ಎರಡನೇ ಮುದ್ರಣಕ್ಕೆ ಆ 15,000 ಮತ್ತೆ ಬೇಕಾಗುವುದಿಲ್ಲ. ಅಲ್ಲಿಂದ ಮುಂದೆ ಪುಸ್ತಕ ತನ್ನ ಖರ್ಚನ್ನು ತಾನೇ ದುಡಿಯುತ್ತದೆ.

ಹಾಗಾದರೆ 200 ಅನ್ನುವುದಾದರೂ ಎಲ್ಲಿಂದ ಬಂತು? ಅದನ್ನು ನಾನು ಹೇಳಬಾರದು, ನೀವು ಹೇಳಬೇಕು. ಒಂದು ನೋಟ್‌ಬುಕ್ ತೆಗೆದುಕೊಂಡು ಹೆಸರು ಬರೆಯಿರಿ. ‘ಕನ್ನಡಿಗರು’, ‘ಸಾಹಿತ್ಯಾಸಕ್ತರು’ ಅಂತ ಬರೆಯಬೇಡಿ. ಹೆಸರು, ಊರು, ಫೋನ್ ನಂಬರ್ ಬರೆಯಿರಿ. 34 ವರ್ಷ ಪಾಠ ಮಾಡಿದ್ದೀರಿ. ನಿಮ್ಮ ಹಳೇ ವಿದ್ಯಾರ್ಥಿಗಳು ಮಂಡ್ಯದಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಇರುತ್ತಾರೆ. ಬ್ಯಾಚಿಗೊಂದು ವಾಟ್ಸಾಪ್ ಗುಂಪು ಈಗ ಇದ್ದೇ ಇರುತ್ತದೆ. ಊರು ಬಿಟ್ಟು ಹೋದವರಿಗೆ ಆಲೆಮನೆಯ ಬಿಸಿಬೆಲ್ಲದ ಬಗ್ಗೆ ಓದುವ ಆಸೆ ಊರಲ್ಲಿ ಇರುವವರಿಗಿಂತ ಜಾಸ್ತಿ. ಜೊತೆಗೆ ಕೆಲಸ ಮಾಡಿದ ಶಿಕ್ಷಕರು, ನೆಂಟರು, ನಾಲೆ ಬಯಲಿನ ಬೇರೆ ಊರುಗಳ ಓದುವ ಮಂದಿ. ಈ ಪಟ್ಟಿಯಲ್ಲಿ ಮೂರರಲ್ಲಿ ಒಬ್ಬರು ದುಡ್ಡು ಕೊಟ್ಟು ಕೊಳ್ಳುತ್ತಾರೆ ಅಂತ ನಾನು ಲೆಕ್ಕ ಹಿಡಿಯುತ್ತೇನೆ. ಪಟ್ಟಿ 400 ಮುಟ್ಟಿದರೆ 130 ಪ್ರತಿಗೆ ಗಿರಾಕಿ ಸಿಕ್ಕಂತೆ. ಅದಕ್ಕೆ ಅಂಗಡಿಯದು, ಗೌರವ ಪ್ರತಿ ಸೇರಿಸಿ. ಬಂದ ಸಂಖ್ಯೆಯಷ್ಟೇ ಅಚ್ಚು ಹಾಕಿಸಿ. ಪಟ್ಟಿ 60ಕ್ಕೇ ನಿಂತರೆ 50 ಪ್ರತಿ ಹಾಕಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಮುಗಿದ ಮೇಲೆ ಮತ್ತೆ ಹಾಕಿಸಬಹುದು.

ಈಗ ಗೆಳೆಯರ 300ರ ಮಾತು. ಅವರು ಹೇಳುತ್ತಿರುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆ. ಯೋಜನೆ ನಿಜ, ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿಯೂ ನಿಜ. ಆದರೆ ಇಲಾಖೆ ಅರ್ಜಿ ಕರೆದಾಗ ಹಾಕಬೇಕು, ಆಯ್ಕೆ ಸಮಿತಿ ನೋಡಬೇಕು, ಆಯ್ಕೆ ಆಗಬೇಕು. ಹಣ ಕೊಡುವುದು ನಿಮ್ಮ ಮುಖಬೆಲೆಯ ಲೆಕ್ಕದಲ್ಲಿ ಅಲ್ಲ, ಇಲಾಖೆ ಪುಟಕ್ಕೆ ಇಷ್ಟು ಅಂತ ನಿಗದಿ ಮಾಡಿದ ದರದಲ್ಲಿ. ಹಣ ಕೈಗೆ ಬರಲು ವರ್ಷಗಳೇ ಹಿಡಿದದ್ದನ್ನು ನಾನು ನೋಡಿದ್ದೇನೆ. ಅರ್ಜಿ ಖಂಡಿತ ಹಾಕಿ. ಆದರೆ ಅದನ್ನು ನಂಬಿ ಮೊದಲೇ 300 ಅಚ್ಚು ಹಾಕಿಸಬೇಡಿ. ಆದೇಶ ಕೈಗೆ ಬಂದ ಮೇಲೆ ಹಾಕಿಸಿದರೆ ಸಾಕು, ಫೈಲು ಹೇಗೂ ಸಿದ್ಧ ಇರುತ್ತದಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ ಅಂತಲೂ ಯಾರಾದರೂ ಹೇಳಬಹುದು. ಅದು ಯುವ ಬರಹಗಾರರಿಗೆ. ನಿಮ್ಮ ವಯಸ್ಸಿಗೆ ಅನ್ವಯಿಸುವುದಿಲ್ಲ.

ಪ್ಯಾಕೇಜ್ ವಿಷಯಕ್ಕೆ ಬರೋಣ. ಹಣ ತೆಗೆದುಕೊಂಡು ಪುಸ್ತಕ ಮಾಡಿಕೊಡುವುದು ತಪ್ಪಲ್ಲ. ಅದೂ ಒಂದು ದುಡಿಮೆ, ನಾನೂ ಅದನ್ನೇ ಮಾಡುತ್ತೇನೆ. ಆದರೆ ಅವರು ಪಟ್ಟಿಯಲ್ಲಿ ಸೇರಿಸಿರುವ ಕೆಲವಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಅದನ್ನು ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಬರಲು ಸಮಯ ಹಿಡಿಯಬಹುದು, ಹಾಗಾಗಿ ಮುಖಪುಟ ಅಂತಿಮವಾಗುವ ಮೊದಲೇ ಹಾಕಿ. ಕಂಪನಿ ತನ್ನ ಹೆಸರಿನ ಸಂಖ್ಯೆ ಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ, ನೀವಲ್ಲ. ಒಂದು ಮಾತು ನೆನಪಿರಲಿ: ಐಎಸ್‌ಬಿಎನ್ ಪುಸ್ತಕವನ್ನು ಗುರುತಿಸುವ 13 ಅಂಕಿಯ ಸಂಖ್ಯೆ ಅಷ್ಟೇ. ಅದು ಗುಣಮಟ್ಟದ ಮುದ್ರೆಯೂ ಅಲ್ಲ, ಹಕ್ಕಿನ ಪತ್ರವೂ ಅಲ್ಲ.

ಕಾಪಿರೈಟ್ ಕೂಡ ಹಾಗೇ. ನೀವು ಬರೆದ ಗಳಿಗೆಯಲ್ಲೇ ಹಕ್ಕು ನಿಮ್ಮದಾಗಿದೆ. 1957ರ ಕಾಯ್ದೆಯ ಪ್ರಕಾರ ಅದು ಲೇಖಕರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಮಾಡಿಸಿದರೆ ಜಗಳ ಬಂದಾಗ ಸಾಕ್ಷಿಗೆ ಅನುಕೂಲ. ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ.

ಇನ್ನು ‘ಬೆಸ್ಟ್ ಸೆಲ್ಲರ್’. ಅಮೆಜಾನ್‌ನಲ್ಲಿ ಪುಸ್ತಕಗಳ ಸ್ಥಾನ ವಿಭಾಗವಾರು ಇರುತ್ತದೆ, ಆಗಾಗ ಬದಲಾಗುತ್ತಾ ಇರುತ್ತದೆ. ಸಣ್ಣ ವಿಭಾಗವೊಂದರಲ್ಲಿ ಒಂದೇ ದಿನ ಕೆಲವೇ ಪ್ರತಿ ಮಾರಾಟವಾದರೂ ಮೇಲಿನ ಸ್ಥಾನ ಸಿಗಬಹುದು. ಆ ಹೊತ್ತಿಗೆ ಪರದೆಯ ಚಿತ್ರ ತೆಗೆದು ಕಳಿಸುತ್ತಾರೆ. ಸಂಜೆ ಹೊತ್ತಿಗೆ ಅದು ಇರುವುದಿಲ್ಲ. ಅದರಿಂದ ನಿಮಗೆ ಒಬ್ಬ ಹೊಸ ಓದುಗ ಸಿಗುವುದೂ ಅನುಮಾನ. ಅಮೆಜಾನ್‌ನಲ್ಲಿ ಮಾರಬೇಕೆನ್ನಿಸಿದರೆ ಮಗನ ಸಹಾಯದಿಂದ ನೀವೇ ಮಾರಬಹುದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬರೀ ಪುಸ್ತಕ ಮಾರುವವರಿಗೆ ಅಲ್ಲಿ ಜಿಎಸ್‌ಟಿ ನಂಬರ್ ಕೂಡ ಬೇಡ. ಅವರ ಶುಲ್ಕ, ಅಂಚೆ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಅಂತ ಮಾತ್ರ ಮೊದಲೇ ಲೆಕ್ಕ ಹಾಕಿ.

ಅಷ್ಟಾದರೂ ‘ಓಡಾಡಲು ಆಗಲ್ಲ, ಅವರೇ ಮಾಡಲಿ’ ಅನ್ನಿಸಿದರೆ ಒಪ್ಪಂದ ಓದಿ ಸಹಿ ಮಾಡಿ. ಪ್ರಕಾಶಕರು ಅಂತ ಯಾರ ಹೆಸರು ಬರುತ್ತದೆ? ಒಪ್ಪಂದ ಎಷ್ಟು ವರ್ಷಕ್ಕೆ? ಇ-ಬುಕ್, ಆಡಿಯೊ, ಅನುವಾದ, ಸಿನಿಮಾ ಹಕ್ಕುಗಳನ್ನೂ ಬರೆಸಿಕೊಂಡಿದ್ದಾರಾ? ರಾಯಲ್ಟಿ ಮುಖಬೆಲೆಯ ಮೇಲೋ, ಖರ್ಚು ಕಳೆದ ಮೇಲೋ? ಮತ್ತೆ, ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಮುಗಿದ ಮೇಲೆ ಒಳಪುಟದ ಮೂಲ ಫೈಲು, ಮುಖಪುಟದ ಫೈಲು ನಿಮಗೆ ಕೊಡುತ್ತಾರಾ? ಪಿಡಿಎಫ್ ಮಾತ್ರ ಕೊಡುತ್ತೇವೆ ಅಂದರೆ ನಾಳೆ ಒಂದು ಅಕ್ಷರ ತಿದ್ದಲೂ ಅವರ ಬಾಗಿಲಿಗೇ ಹೋಗಬೇಕು. ಮೈಸೂರಿನ ಒಬ್ಬ ಲೇಖಕಿ ಎರಡನೇ ಮುದ್ರಣಕ್ಕೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸಬೇಕಾಯಿತು. ನನ್ನ ಹತ್ತಿರ ಬರುವ ಹೊತ್ತಿಗೆ ಅವರು ದುಡ್ಡಿಗಿಂತ ಜಾಸ್ತಿ ಉತ್ಸಾಹ ಕಳೆದುಕೊಂಡಿದ್ದರು.

ದುಡ್ಡು ಎಲ್ಲಿ ಹಾಕಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಕರಡಿಗೆ. ನೀವು ಕನ್ನಡ ಮೇಷ್ಟ್ರು, ಕಾಗುಣಿತ ತಪ್ಪುವುದಿಲ್ಲ, ಗೊತ್ತು. ಆದರೂ ತಾನು ಬರೆದದ್ದರಲ್ಲಿ ತಪ್ಪು ತನಗೆ ಕಾಣುವುದಿಲ್ಲ. ಕಣ್ಣು ಪುಟದ ಮೇಲಿರುತ್ತದೆ, ಮನಸ್ಸು ಬಾಯಿಪಾಠ ಒಪ್ಪಿಸುತ್ತಿರುತ್ತದೆ. ಬೇರೆಯವರಿಂದ ಎರಡು ಸಲ ಓದಿಸಿ. ನಿಮ್ಮ ಪುಸ್ತಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪಾತ್ರಗಳು ಮಂಡ್ಯದ ಮಾತಾಡುತ್ತವೆ ಅಂದುಕೊಂಡಿದ್ದೇನೆ. ‘ಬತ್ತೀನಿ’, ‘ಓಗ್ಬುಟ್ಟು’ ಅಂತ ನೀವು ಬೇಕೆಂದೇ ಬರೆದದ್ದನ್ನು ಕರಡು ನೋಡುವವರು ‘ಬರುತ್ತೇನೆ’, ‘ಹೋಗಿಬಿಟ್ಟು’ ಅಂತ ತಿದ್ದಿಬಿಟ್ಟರೆ ಜೀವವೇ ಹೋಯಿತು. ಯಾವುದನ್ನು ಮುಟ್ಟಬಾರದು ಅಂತ ಒಂದು ಹಾಳೆಯಲ್ಲಿ ಬರೆದು ಮೊದಲೇ ಕೊಡಿ. ಒಂದೇ ಪದವನ್ನು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದರೆ ಅದನ್ನೂ ಗುರುತು ಮಾಡಲು ಹೇಳಿ.

ಟೈಪ್ ಮಾಡಿಸುವಾಗ ಯುನಿಕೋಡ್‌ನಲ್ಲೇ ಮಾಡಿಸಿ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಓದಬಲ್ಲ ಅಕ್ಷರ ವ್ಯವಸ್ಥೆಯಲ್ಲಿ. ಹಳೇ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೇ ಅಕ್ಷರಗಳಲ್ಲಿ ಪುಟ ಕಟ್ಟುತ್ತಾರೆ. ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ. ಆದರೆ ಮುಂದೆ ಇ-ಬುಕ್ ಮಾಡಬೇಕೆಂದಾಗ ಯುನಿಕೋಡ್‌ಗೆ ಬದಲಿಸಬೇಕು, ಆಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಒಡೆಯುತ್ತದೆ. ಬದಲಿಸಿದ ಮೇಲೆ ಇಡೀ ಪುಸ್ತಕವನ್ನು ಹೊಸದಾಗಿ ಓದದೆ ಮುದ್ರಣಕ್ಕೆ ಕೊಡಲೇಬಾರದು.

ಪುಸ್ತಕದ ಅಳತೆ ಡೆಮಿ 1/8 ಇರಲಿ, ಕನ್ನಡ ಓದುಗರ ಕೈಗೆ ಅದು ಒಗ್ಗಿದೆ. ಆಫ್‌ಸೆಟ್‌ನಲ್ಲಿ 16 ಪುಟದ ಒಂದು ಕಂತಿಗೆ ಫಾರಂ ಅನ್ನುತ್ತಾರೆ. ನಿಮ್ಮ 190 ಪುಟಕ್ಕೆ ಮುನ್ನುಡಿ, ಪರಿವಿಡಿ ಸೇರಿದರೆ 200 ದಾಟುತ್ತದೆ. 13 ಫಾರಂ ಅಂದರೆ 208 ಪುಟಕ್ಕೆ ಹೊಂದಿಸಿಕೊಳ್ಳಿ. ಒಳಪುಟಕ್ಕೆ 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ ಸಾಕು. ಎಲ್ಲ ಅಚ್ಚು ಹಾಕುವ ಮೊದಲು ಒಂದೇ ಒಂದು ಪ್ರತಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಿ. ನಡುವೆ ಬಿಡಿಸಿ, ಬೈಂಡಿಂಗ್ ಬಿಡುತ್ತದಾ ನೋಡಿ. ಬೆನ್ನಿನ ಕಡೆ ಅಕ್ಷರ ಒಳಗೆ ಹೂತುಹೋಗಿಲ್ಲವಷ್ಟೆ?

ಮಗನ ಸಲಹೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಇ-ಬುಕ್‌ಗೆ ಕಾಗದದ ಖರ್ಚಿಲ್ಲ, ಅಮೆರಿಕದಲ್ಲಿರುವ ಹಳೇ ವಿದ್ಯಾರ್ಥಿಗೂ ಆ ದಿನವೇ ತಲುಪುತ್ತದೆ. ಆದರೆ ಅಮೆಜಾನ್‌ನವರ ಇ-ಬುಕ್ ಮಳಿಗೆ ಕಿಂಡಲ್ ಅಂದ ತಕ್ಷಣ ಎಲ್ಲ ಆಗಿಬಿಡುತ್ತದೆ ಅಂದುಕೊಳ್ಳಬಾರದು. 2016ರಲ್ಲಿ ಅವರು ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಅದರಲ್ಲಿ ಕನ್ನಡ ಇರಲಿಲ್ಲ. ಕೈಹಾಕುವ ಮೊದಲು ಅವರ ಇವತ್ತಿನ ಭಾಷಾ ಪಟ್ಟಿಯನ್ನು ಮಗ ನೋಡಲಿ. ಗೂಗಲ್ ಪ್ಲೇ ಬುಕ್ಸ್, ಕನ್ನಡದ್ದೇ ಆದ ಮೈಲ್ಯಾಂಗ್ ಇವೆ. ನಿಮ್ಮ ವಯಸ್ಸಿನ ಓದುಗರಿಗೆ ಕಾಗದದ ಪುಸ್ತಕವೇ ಬೇಕು. ಅವರ ಮಕ್ಕಳಿಗೆ ಮೊಬೈಲ್. ಮೊದಲು ಮುದ್ರಿತ ಪ್ರತಿ ತನ್ನಿ, ಮೂರು ನಾಲ್ಕು ತಿಂಗಳ ಮೇಲೆ ಇ-ಬುಕ್ ತನ್ನಿ ಅನ್ನುವುದು ನನ್ನ ಸಲಹೆ.

ಮಾರಾಟ ಅಂದ ಕೂಡಲೇ ಎಲ್ಲರಿಗೂ ಬಿಡುಗಡೆ ಸಮಾರಂಭ ನೆನಪಾಗುತ್ತದೆ. ಸಭಾಂಗಣ, ಶಾಲು, ಹಾರ, ಊಟ ಅಂತ ಪುಸ್ತಕಕ್ಕಿಂತ ಜಾಸ್ತಿ ಅದಕ್ಕೇ ಖರ್ಚಾದದ್ದನ್ನು ಕಂಡಿದ್ದೇನೆ. ನಿಮ್ಮ ಶಾಲೆಯ ಅಂಗಳದಲ್ಲೇ ಮಾಡಿ. ಹಳೇ ವಿದ್ಯಾರ್ಥಿಗಳು ಸೇರುವ ದಿನ ನೋಡಿಕೊಳ್ಳಿ. ಅತಿಥಿಗಳ ಭಾಷಣ ಒಂದು ಸಾಕು, ಪುಸ್ತಕದಿಂದ ಎರಡು ಭಾಗ ಓದಿಸಿ. ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಪುಸ್ತಕ, ಫೋನ್‌ಪೇ ಕೋಡ್, ಚಿಲ್ಲರೆ. ಆ ಮೇಜಿಗೆ ಸಂಕೋಚ ಇಲ್ಲದ ಒಬ್ಬರನ್ನು ಕೂರಿಸಿ, ನೀವು ಕೂರಬೇಡಿ. ಲೇಖಕರೇ ಕೂತರೆ ಅರ್ಧ ಪುಸ್ತಕ ಸುಮ್ನೆ ಕೊಟ್ಟುಬಿಡುತ್ತಾರೆ. ಇನ್ನೊಂದು ಮಾತು, ಬಿಡುಗಡೆಗೆ ಒಂದು ತಿಂಗಳ ಮುಂಚೆಯೇ ಪ್ರಕಟಣಾಪೂರ್ವ ಬೆಲೆ ಅಂತ ಸ್ವಲ್ಪ ರಿಯಾಯಿತಿ ಇಟ್ಟು ಹಣ ಪಡೆಯಿರಿ. ‘ಖಂಡಿತ ತಗೋತೀನಿ ಮೇಷ್ಟ್ರೇ’ ಅನ್ನುವುದಕ್ಕೂ ಹಣ ಕಳಿಸುವುದಕ್ಕೂ ಇರುವ ಅಂತರ ಆಗ ಗೊತ್ತಾಗುತ್ತದೆ. ಅಚ್ಚಿಗೆ ಕೊಡುವ ಸಂಖ್ಯೆಯನ್ನು ಅದನ್ನು ನೋಡಿ ತಿದ್ದಿಕೊಳ್ಳಬಹುದು.

ಪುಸ್ತಕ ಬರುವ ಮೊದಲು ಒಂದೆರಡು ಬರಹಗಳನ್ನು ಪತ್ರಿಕೆಗೆ ಕಳಿಸಿ. ಆಂದೋಲನ, ಮೈಸೂರು ಮಿತ್ರ ನಿಮ್ಮ ಭಾಗದ ಓದುಗರನ್ನು ಮುಟ್ಟುತ್ತವೆ. ಸುಧಾ, ಮಯೂರಕ್ಕೂ ಕಳಿಸಿ ನೋಡಿ. ಪುಸ್ತಕ ಬಂದ ಮೇಲೆ ವಿಮರ್ಶೆಗೆ ಎರಡೆರಡು ಪ್ರತಿ. ಎಲ್ಲ ಕಡೆ ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮಂಡ್ಯದ ಜಿಲ್ಲಾ, ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಲ್ಲಿ, ದಸರಾ ಹೊತ್ತಿನ ಪುಸ್ತಕ ಮೇಳದಲ್ಲಿ ಪೂರ್ತಿ ಮಳಿಗೆ ಹಿಡಿಯುವ ಬದಲು ಪರಿಚಯದ ಪ್ರಕಾಶಕರ ಮಳಿಗೆಯಲ್ಲಿ ಹತ್ತು ಪ್ರತಿ ಇಡಿಸಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಸಮ್ಮೇಳನ ನಡೆಯಿತಲ್ಲ, ಅಂಥ ಕಡೆ ಒಂಟಿ ಪುಸ್ತಕದ ಮಳಿಗೆ ಮುಂದೆ ಜನ ನಿಲ್ಲುವುದೇ ಕಷ್ಟ. ಮದುವೆ, ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಪುಸ್ತಕ ಕೊಡುವವರು ಈಗ ಇದ್ದಾರೆ. ನಿಮ್ಮ ಶಿಷ್ಯರಲ್ಲಿ ಅಂಥ ಒಬ್ಬರು ಸಿಕ್ಕರೆ 100 ಪ್ರತಿ ಒಂದೇ ಮನೆಗೆ ಹೋಗುತ್ತದೆ. ಅಂಗಡಿಯವರಿಗೆ ಕೊಡುವಾಗ ಐದೈದು ಪ್ರತಿ ಕೊಟ್ಟು ರಶೀದಿ ಪಡೆಯಿರಿ, ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ಕೇಳಿ. ಕೇಳದಿದ್ದರೆ ಹಣ ಬರುವುದಿಲ್ಲ. ಅಂಚೆಯಲ್ಲಿ ಕಳಿಸುವುದಿದ್ದರೆ, ಹಳೇ ಬುಕ್ ಪೋಸ್ಟ್ ಈಗ ಇಲ್ಲ. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ. ನಿಮ್ಮ ಪುಸ್ತಕ ಅದರ ನಿಯಮಕ್ಕೆ ಬರುತ್ತದಾ ಅಂತ ಅಂಚೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ, ಬಂದರೆ ಖರ್ಚು ಕಡಿಮೆ.

ಜನ ಹಗುರವಾಗಿ ನೋಡುತ್ತಾರಾ ಅಂತ ಕೇಳಿದ್ದೀರಿ. ಹಳೇ ತಲೆಮಾರಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕುವೆಂಪು ಅವರ ಹಲವು ಪುಸ್ತಕಗಳು ಮೈಸೂರಿನ ಅವರ ಮನೆ ಹೆಸರಿನ ಉದಯರವಿ ಪ್ರಕಾಶನದಿಂದ ಬಂದವು. ಆರ್. ಕೆ. ನಾರಾಯಣ್ ಕೂಡ ಮೈಸೂರಿನಲ್ಲಿ ತಮ್ಮದೇ ಪ್ರಕಾಶನ ಶುರು ಮಾಡಿದ್ದರು. ಓದುಗರು ಪ್ರಕಾಶಕರ ಹೆಸರು ನೋಡುವುದು ಅಪರೂಪ. ಮೂರನೇ ಪುಟದಲ್ಲಿ ನಾಲ್ಕು ತಪ್ಪು ಕಂಡರೆ ಮಾತ್ರ ಖಂಡಿತ ಹಗುರವಾಗಿ ನೋಡುತ್ತಾರೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಇದು ನಿಮ್ಮೂರಿನ ನಿಜವಾದ ಜನರ ಬಗ್ಗೆ ಬರೆದ ಪುಸ್ತಕ. ಜಮೀನಿನ ವ್ಯಾಜ್ಯ, ಮನೆ ಜಗಳ, ಯಾರದೋ ಕುಡಿತ ಇವೆಲ್ಲ ಬಂದಿರಬಹುದು. ಅಂಥ ಕಡೆ ಹೆಸರು, ಊರು ಬದಲಿಸಿ. ಬದಲಿಸಿದರೂ ಗುರುತು ಸಿಗುವಂತಿದ್ದರೆ ಆ ಮನೆಯವರಿಗೆ ಓದಿ ಹೇಳಿ, ಒಪ್ಪಿಗೆ ಕೇಳಿ. ಹಳೇ ಫೋಟೊ ಹಾಕುವುದಿದ್ದರೆ ತೆಗೆದವರನ್ನು ಅಥವಾ ಅವರ ಮನೆಯವರನ್ನು ಕೇಳಿ. ಇದನ್ನು ಕರಡು ಕೊಡುವ ಮೊದಲೇ ಮುಗಿಸಿಕೊಳ್ಳಿ. ಪುಟ ಕಟ್ಟಿದ ಮೇಲೆ ಒಂದು ಹೆಸರು ಬದಲಿಸಲು ಹೋದರೆ ಸಾಲು ಜಾರುತ್ತದೆ, ಪುಟ ಜಾರುತ್ತದೆ, ಪರಿವಿಡಿಯನ್ನೂ ಮತ್ತೆ ನೋಡಬೇಕಾಗುತ್ತದೆ.